ಸುವರ್ಣ ಅನುಪಾತವೂ ಕಣ್ಣಿನ ಒಲವೂ

ಸುಮಾರು 1.618ರಷ್ಟಿರುವ ಸುವರ್ಣ ಅನುಪಾತವನ್ನು ಮನುಷ್ಯನ ಕಣ್ಣು ಸಹಜವಾಗಿಯೇ ಮೆಚ್ಚುತ್ತದೆ ಎಂಬ ಮಾತನ್ನು ನಾನೂ ಬಹುಕಾಲ ನಂಬಿದ್ದೆ. ಈ ನಂಬಿಕೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಜರ್ಮನಿಯ ಮನೋವಿಜ್ಞಾನಿ ಗುಸ್ಟಾವ್ ಫೆಕ್ನರ್ ಪ್ರಮುಖರು. 1876ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ, ಚೌಕದಿಂದ ಹಿಡಿದು 5:2 ಅನುಪಾತದ ನೀಳ ಆಕೃತಿಯವರೆಗಿನ ಹತ್ತು ಆಯತಗಳನ್ನು ಮುಂದಿಟ್ಟು ಅತ್ಯಂತ ಹಿತವೆನಿಸುವುದನ್ನು ಆರಿಸಲು ಕೇಳಿದಾಗ, ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಆಯ್ಕೆಗಳು ಸುವರ್ಣ ಆಯತಕ್ಕೆ, ಅಂದರೆ ಉದ್ದ ಅಗಲಗಳು ಈ ಅನುಪಾತದಲ್ಲಿರುವ ಆಯತಕ್ಕೆ, ಸಂದವು. ಆದರೆ ಅದರ ಅಕ್ಕಪಕ್ಕದ ಎರಡು ಆಯತಗಳನ್ನೂ ಬಹಳ ಜನ ಮೆಚ್ಚಿದ್ದರೆಂಬುದನ್ನು ಈ ಪ್ರಯೋಗವನ್ನು ಉದಾಹರಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ. (ಅದೇ ಫೆಕ್ನರ್ ಕಲಾಸಂಗ್ರಹಾಲಯಗಳ ಚಿತ್ರಪಟಗಳ ಅಳತೆಗಳನ್ನು ಪರಿಶೀಲಿಸಿದಾಗ ಈ ಅನುಪಾತದ ಪ್ರಾಬಲ್ಯ ಕಾಣಲಿಲ್ಲ!)

ನನಗೆ ಹೆಚ್ಚು ಮುಖ್ಯವೆನಿಸುವುದು 1974ರಲ್ಲಿ ಮನೋವಿಜ್ಞಾನಿ ಗಾಡ್‌ಕೆವಿಚ್ ಎತ್ತಿದ ಆಕ್ಷೇಪ. ಆಯತವೊಂದು ಇಷ್ಟವಾಗುವುದು ಅದರ ಅನುಪಾತದಿಂದಲ್ಲ, ಮುಂದಿಟ್ಟ ಸಾಲಿನಲ್ಲಿ ಅದಕ್ಕೆ ದೊರೆತ ಸ್ಥಾನದಿಂದ. ಸಾಲಿನ ವ್ಯಾಪ್ತಿಯನ್ನು ಬದಲಿಸಿದರೆ ಮೆಚ್ಚುಗೆಯೂ ಜಾಗ ಬದಲಿಸುತ್ತದೆ. ಎರಡು ಅಂಚುಗಳನ್ನು ಬಿಟ್ಟು ನಡುವಿನದನ್ನು ಹಿಡಿಯುವ ಮನಸ್ಸಿನ ಅಭ್ಯಾಸವನ್ನೇ ನಾವು ಸೌಂದರ್ಯಪ್ರಜ್ಞೆಯೆಂದು ಭ್ರಮಿಸಿರಬಹುದು. 1980ರಲ್ಲಿ ಮನೋವಿಜ್ಞಾನಿ ಮೆಕ್‌ಮ್ಯಾನಸ್ ನಡೆಸಿದ ಅಧ್ಯಯನವಂತೂ, ಒಬ್ಬೊಬ್ಬರಿಗೂ ಸ್ಪಷ್ಟವಾದ ಒಲವಿದ್ದರೂ ಅದು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವಾಗಿರುತ್ತದೆ ಎಂದು ತೋರಿಸಿತು.