ಮಿನಿಯಾಪೊಲಿಸ್‌ನಲ್ಲಿ ಬಯೋಮೆಡಿಕಲ್ ಓದು: ಪಿಯುಸಿ ಮುಗಿಸಿದವರಿಗೆ ಒಂದಿಷ್ಟು

ಪಿಸಿಎಂಬಿ ತಗೊಂಡು, ನೀಟ್‌ನಲ್ಲಿ ರ‍್ಯಾಂಕ್ ಬರದೆ, ಹಾಗಂತ ಬಯಾಲಜಿ ಬಿಡೋಕೂ ಮನಸ್ಸಿಲ್ಲದವರು ಬಯೋಮೆಡಿಕಲ್ ಇಂಜಿನಿಯರಿಂಗ್ ಸೇರ್ತಾರೆ ಅನ್ನೋ ಮಾತು ನಮ್ಮ ಕಡೆ ಇದೆ. ಪೂರ್ತಿ ಸುಳ್ಳೇನಲ್ಲ. ಆದರೆ ಬಯಾಲಜಿಯ ಆಸೆಗೆ ಇಲ್ಲಿಗೆ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯಕ್ಕೆ, ಬಂದವರಿಗೆ ಮೊದಲ ಎರಡು ವರ್ಷ ಅದು ಸಿಗುವುದು ಊಟದ ಎಲೆಯ ಉಪ್ಪಿನಕಾಯಿಯಷ್ಟು. ಉಳಿದದ್ದೆಲ್ಲ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್. ಬ್ರಾಂಚ್ ಕೂಡ ಬಂದ ಕೂಡಲೇ ಕೈಗೆ ಬರುವುದಿಲ್ಲ. ಮೊದಲು ಇಂಜಿನಿಯರಿಂಗ್ ಕಾಲೇಜಿಗೆ ಸೇರಿ, ಅಂಕ ತೆಗೆದು, ಆಮೇಲೆ ಬ್ರಾಂಚಿಗೆ ಅರ್ಜಿ ಹಾಕಬೇಕು. "ನಮ್ಮ ಸಿಇಟಿ ಕೌನ್ಸೆಲಿಂಗ್ ತರ ಅಲ್ಲೇನೂ ಇಲ್ವೇನೋ?" ಅಂತ ಅಪ್ಪ ಕೇಳಿದ್ದರು. "ಇದೆಯಪ್ಪ, ಎರಡು ವರ್ಷ ನಡೆಯುತ್ತೆ" ಅಂದಿದ್ದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿದರೆ ಡಾಕ್ಟರ್ ಆಗುವುದಿಲ್ಲ. ನನ್ನ ಅಮೆರಿಕನ್ ಸಹಪಾಠಿಗಳಲ್ಲಿ ಕೆಲವರು ಇದಾದ ಮೇಲೆ ಮೆಡಿಕಲ್‌ಗೆ ಹೋಗುತ್ತಾರೆ, ನಿಜ. ಆದರೆ ಇಲ್ಲಿನ ಹೆಚ್ಚಿನ ಮೆಡಿಕಲ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಆ ಲೆಕ್ಕ ಇಟ್ಟುಕೊಂಡು ಯಾರೂ ವಿಮಾನ ಹತ್ತಬೇಡಿ.

ನಾನು ಈ ಊರನ್ನೇ ಹಿಡಿದದ್ದು ಪೇಸ್‌ಮೇಕರ್‌ನಿಂದಾಗಿ. 1950ರ ದಶಕದಲ್ಲಿ ಈ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಲ್ಟನ್ ಲಿಲ್ಲಿಹೈ ಎಂಬ ಸರ್ಜನ್, ಹುಟ್ಟಿನಿಂದ ಹೃದಯದಲ್ಲಿ ತೂತಿರುವ ಮಕ್ಕಳಿಗೆ ಆಪರೇಷನ್ ಮಾಡುತ್ತಿದ್ದರು. ಹೊಲಿಗೆ ಹಾಕುವಾಗ ಹೃದಯದೊಳಗಿನ ವಿದ್ಯುತ್ ಹಾದಿಗೆ ಪೆಟ್ಟಾದರೆ ಬಡಿತ ತೀರಾ ನಿಧಾನವಾಗುತ್ತಿತ್ತು. ಅಂಥ ಮಕ್ಕಳನ್ನು ಉಳಿಸುತ್ತಿದ್ದದ್ದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ, ಗಾಡಿಯ ಮೇಲಿಟ್ಟು ತಳ್ಳುವಷ್ಟು ದೊಡ್ಡ ಪೇಸ್‌ಮೇಕರ್. 1957ರ ಅಕ್ಟೋಬರ್ 31ರಂದು ಊರಲ್ಲಿ ಕರೆಂಟ್ ಹೋಯಿತು. ಒಂದು ಮಗು ತೀರಿಕೊಂಡಿತು. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಅರ್ಲ್ ಬಾಕನ್ ಎಂಬ ಇಂಜಿನಿಯರ್‌ಗೆ ಲಿಲ್ಲಿಹೈ, ಬ್ಯಾಟರಿಯಲ್ಲಿ ನಡೆಯುವಂಥದ್ದೊಂದು ಮಾಡಿಕೊಡಿ ಅಂದರು. 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯಲ್ಲಿ ಮೆಟ್ರೊನೋಮ್‌ನ ಸರ್ಕ್ಯೂಟ್ ಬಂದಿತ್ತು. ಸಂಗೀತ ಕಲಿಯುವವರಿಗೆ ತಾಳ ಕೊಡುತ್ತದಲ್ಲ, ಅದು. ಬಾಕನ್ ಅದನ್ನೇ ತಿದ್ದಿ, ಎರಡು ಟ್ರಾನ್ಸಿಸ್ಟರ್ ಹಾಕಿ, ಅಂಗೈಯಲ್ಲಿ ಹಿಡಿಯುವಂಥ ಪೆಟ್ಟಿಗೆ ಮಾಡಿದರು. ಹಿಡಿದದ್ದು ಸುಮಾರು ನಾಲ್ಕು ವಾರ. ನಾಯಿಯ ಮೇಲೆ ಪರೀಕ್ಷೆ ಮಾಡಲೆಂದು ಕೊಟ್ಟುಹೋಗಿ ಮರುದಿನ ಬಂದು ನೋಡಿದರೆ, ಅದು ಆಗಲೇ ಒಂದು ಮಗುವಿನ ಹೃದಯ ನಡೆಸುತ್ತಿತ್ತು. ಬಾಕನ್ ತಮ್ಮ ಹತ್ತಿರದ ನೆಂಟರೊಬ್ಬರ ಜೊತೆ 1949ರಲ್ಲಿ ಗ್ಯಾರೇಜಿನಲ್ಲಿ ಶುರುಮಾಡಿದ್ದ ಕಂಪನಿಯೇ ಮೆಡ್‌ಟ್ರಾನಿಕ್. ನಿಮ್ಮ ಮನೆಯ ಹಿರಿಯರು ಯಾರಾದರೂ ಜಯದೇವದಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದಿದ್ದರೆ ಅವರ ಕಾರ್ಡ್ ತೆಗೆದು ನೋಡಿ, ಆ ಹೆಸರಿದ್ದರೂ ಇರಬಹುದು.

ನಮ್ಮ ಡಿಸೈನ್ ಕ್ಲಾಸಿನಲ್ಲಿ ಈ ಕಥೆ ಮುಗಿದ ಕೂಡಲೇ ಬರುವ ಸ್ಲೈಡ್ 1976ರ ಕಾನೂನಿನದು. ಅಂದಿನಿಂದ ಎಫ್‌ಡಿಎ, ಅಂದರೆ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ, ಸಾಧನಗಳನ್ನು ಅಪಾಯ ಎಷ್ಟು ಅಂತ ನೋಡಿ ಮೂರು ವರ್ಗ ಮಾಡಿದೆ. ಗಾಯಕ್ಕೆ ಅಂಟಿಸುವ ಬ್ಯಾಂಡೇಜ್ ಮೊದಲನೆಯದು, ಪೇಸ್‌ಮೇಕರ್ ಮೂರನೆಯದು. ಬಾಕನ್ ನಾಲ್ಕು ವಾರದಲ್ಲಿ ಮುಗಿಸಿದ್ದಕ್ಕೆ ಈಗ ವರ್ಷಗಳು ಬೇಕು. ಯಾವ ಭಾಗ ಕೆಡಬಹುದು, ಕೆಟ್ಟರೆ ರೋಗಿಗೆ ಏನಾಗುತ್ತೆ, ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ ಅಂತ ಕೋಷ್ಟಕ ತುಂಬಿಸುವುದೇ ನಮ್ಮ ಅರ್ಧ ಕೆಲಸ. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ. ಆದರೆ ಇಂಜಿನಿಯರಿಂಗ್ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಕೋಷ್ಟಕದಲ್ಲೇ.

ಲ್ಯಾಬ್‌ಗಳ ಮಜಾ ಬೇರೆ. ಇಸಿಜಿ ಯಂತ್ರವನ್ನು ನಾವೇ ಕಟ್ಟುವ ಲ್ಯಾಬ್ ನನಗೆ ಬಂದದ್ದು ಜನವರಿಯಲ್ಲಿ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಒಳಗೆ ಹೀಟರಿನ ಒಣಗಾಳಿ, ಮೈಯೆಲ್ಲ ಬಿರಿದು ಬಿಳಿ ಗೀರು. ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಹೆಚ್ಚೆಂದರೆ ಒಂದೆರಡು ಮಿಲಿವೋಲ್ಟ್. ಸುತ್ತಲಿನ ದೀಪ, ವೈರುಗಳಿಂದ ಬರುವ 60 ಹರ್ಟ್ಸ್ ಗುಂಯ್‌ಗಾಟ ಅದನ್ನು ನುಂಗಿಬಿಡುತ್ತೆ. ಒಣಚರ್ಮಕ್ಕೆ ಎಲೆಕ್ಟ್ರೋಡ್ ಸರಿಯಾಗಿ ಕೂರದಿದ್ದರಂತೂ ಪರದೆ ಮೇಲೆ ಒಂದೇ ದಪ್ಪ ಪಟ್ಟಿ. ಲ್ಯಾಬ್ ನೋಡಿಕೊಳ್ಳುವ ಸೀನಿಯರ್ ಬಂದು ಮರಳುಮರಳಾದ ಜೆಲ್ ಕೊಟ್ಟು, ಚರ್ಮ ಕೆಂಪಾಗುವವರೆಗೆ ಉಜ್ಜಿ ಅಂದಳು. ಉಜ್ಜಿ ಹಚ್ಚಿದರೆ ಪಟ್ಟಿ ತೆಳ್ಳಗಾಗಿ ಅದರೊಳಗಿಂದ ಚೂಪು ಗೋಪುರಗಳು ಎದ್ದವು. ಆ 60 ಹರ್ಟ್ಸ್ ತೆಗೆಯುವ ಫಿಲ್ಟರ್ ಹಾಕಿದ ಮೇಲೆ ಗೋಪುರಕ್ಕಿಂತ ಮೊದಲು ಬರುವ ಪುಟ್ಟ ಉಬ್ಬೂ ಕಂಡಿತು. ಅದು ಹೃದಯದ ಮೇಲಿನ ಕೋಣೆಗಳ ಗುರುತು. ಇದೇ ಯಂತ್ರವನ್ನು ನಮ್ಮೂರು ಸಾಗರಕ್ಕೆ ತಂದರೆ ಆ ಫಿಲ್ಟರ್‌ನಿಂದ ಏನೂ ಪ್ರಯೋಜನವಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಒಂದು ಕಡೆ ಮಾಡಿದ ಯಂತ್ರ ಇನ್ನೊಂದು ಕಡೆ ಯಾಕೆ ಮೂಲೆ ಸೇರುತ್ತೆ ಅನ್ನೋದಕ್ಕೆ ಇದೂ ಒಂದು ಕಾರಣ.

ಇಲ್ಲಿನ 'ವಿಸಿಬಲ್ ಹಾರ್ಟ್' ಪ್ರಯೋಗಾಲಯದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಅಲ್ಲಿ ದೇಹದಿಂದ ಹೊರತೆಗೆದ ಹಂದಿಯ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿ, ರಕ್ತದ ಬದಲು ತಿಳಿಯಾದ ದ್ರವ ಹರಿಸುತ್ತಾರೆ. ಒಳಗೆ ಕ್ಯಾಮೆರಾ ಬಿಟ್ಟರೆ ಕವಾಟಗಳು ತೆರೆದು ಮುಚ್ಚುವುದು ನೇರವಾಗಿ ಕಾಣುತ್ತೆ. ಕಸಿಗೆ ಆಗದ, ದಾನವಾಗಿ ಬಂದ ಮನುಷ್ಯರ ಹೃದಯಗಳ ಮೇಲೂ ಹೀಗೆ ಅಧ್ಯಯನ ಮಾಡಿದ್ದಾರೆ. ಆ ವಿಡಿಯೊಗಳನ್ನು ಅವರು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ, ಊರಲ್ಲೇ ಕೂತು ನೋಡಬಹುದು.

ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಮ್ಮ ತಂಡ ತೆಗೆದುಕೊಂಡದ್ದು ಎಳೆ ಮಕ್ಕಳ ಕೈಗೆ ಚುಚ್ಚಿದ ಡ್ರಿಪ್ ಸೂಜಿ ಕದಲದಂತೆ ಹಿಡಿಯುವ ಕ್ಲಿಪ್. ಮಕ್ಕಳ ವಾರ್ಡಿನ ನರ್ಸ್ ಒಬ್ಬರು ನೋಡಲು ಬಂದರು. ಗ್ಲೌಸ್ ಹಾಕಿಕೊಂಡು, ಗೊಂಬೆಯ ಮಣಿಕಟ್ಟನ್ನು ಎಡಗೈಲಿ ಹಿಡಿದು, "ಈ ಕೈ ಬಿಡೋ ಹಾಗಿಲ್ಲ, ಮಗು ಒದೀತಿರುತ್ತೆ" ಅಂದು ಬಲಗೈ ಒಂದರಲ್ಲೇ ಕ್ಲಿಪ್ ಬಿಚ್ಚಲು ನೋಡಿದರು. ಗ್ಲೌಸಿನ ತುದಿ ಕ್ಲಿಪ್ಪಿನ ಕೀಲಿನಲ್ಲಿ ಸಿಕ್ಕಿ ಹರಿಯಿತು. ಮುಂದಿನ ಮಾದರಿಯಲ್ಲಿ ಕೀಲೇ ಇರಲಿಲ್ಲ.

ಈ ಕೋರ್ಸಿನ ಬಗ್ಗೆ ನನ್ನ ತಕರಾರು ಒಂದಿದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ. ಕೆಲಸ ಕೊಡುವ ಕಂಪನಿಗಳು ಮಾತ್ರ ಸರ್ಕ್ಯೂಟ್ ಗಟ್ಟಿಯಾಗಿ ಬಲ್ಲವರನ್ನೋ ಮೆಕ್ಯಾನಿಕಲ್ ಡಿಸೈನ್ ಬಲ್ಲವರನ್ನೋ ಕೇಳುತ್ತವೆ. ಹಾಗಾಗಿ ಮೂರನೇ ವರ್ಷದ ಹೊತ್ತಿಗೆ ಒಂದನ್ನು ಹಿಡಿದು ಅದರ ಆಳಕ್ಕಿಳಿಯಬೇಕು. ನಾನು ಎಲೆಕ್ಟ್ರಾನಿಕ್ಸ್ ಹಿಡಿದೆ.

ಇನ್ನು ದುಡ್ಡು. ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಅದು ದಿನಸಿಗೆ ಸರಿ, ಫೀಸಿಗಲ್ಲ. ಡಿಗ್ರಿ ಮುಗಿದ ಮೇಲೆ ಒಪಿಟಿಯಲ್ಲಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಅನುಮತಿಯಲ್ಲಿ, ಒಂದು ವರ್ಷ, ನಮ್ಮಂಥ ಬ್ರಾಂಚಿಗೆ ಮೇಲೆ 24 ತಿಂಗಳು ಕೆಲಸ ಮಾಡಬಹುದು. ಅಲ್ಲಿಂದಾಚೆ ವೀಸಾ ಲಾಟರಿ. ಮನೆ ಅಡವಿಟ್ಟು ಬರುವಂತಿದ್ದರೆ ನನ್ನ ಸಲಹೆ ಇಷ್ಟೇ: ವಿಟಿಯು ಕಾಲೇಜುಗಳಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಇದೆ, ಮಣಿಪಾಲದಲ್ಲಿ ಬಯೋಮೆಡಿಕಲ್ ಇದೆ. ಬಿಇ ಅಲ್ಲೇ ಮಾಡಿ. ಹೊರಗೆ ಬರುವುದಾದರೆ ಪಿಎಚ್‌ಡಿಗೆ ಬನ್ನಿ, ಅದಕ್ಕಾದರೆ ಫೀಸು, ಸ್ಟೈಪೆಂಡ್ ಎರಡೂ ಸಿಗುವ ಸಾಧ್ಯತೆ ಹೆಚ್ಚು. ಚಿಕ್ಕಪ್ಪನ ಮಗಳಿಗೂ ಇದನ್ನೇ ಹೇಳಿದೆ. "ನೀನು ಹೋಗಿ ಕೂತ್ಕೊಂಡು ಅವಳಿಗೆ ಬೇಡ ಅಂತೀಯಲ್ಲೋ" ಅಂತ ಚಿಕ್ಕಪ್ಪ ಮುನಿಸಿಕೊಂಡರು. ನನ್ನ ಸ್ಕಾಲರ್‌ಶಿಪ್ ಕಳೆದು ಉಳಿದ ಖರ್ಚು ಎಷ್ಟು ಅಂತ ಪಟ್ಟಿ ಮಾಡಿ ಕಳಿಸಿದ್ದೇನೆ. ಈಗ ಮಣಿಪಾಲದ ಹಾಸ್ಟೆಲ್ ಫೀಸು ವಿಚಾರಿಸುತ್ತಿದ್ದಾರಂತೆ.