ಕುಂಬಳೆ ಪದವಿನ ಹೂ ನೋಡೋಕೆ ಹೋಗ್ತೀರಾ? 'ಔಷಧಿ ಗಿಡ ವಾಕ್' ಬುಕ್ ಮಾಡೋ ಮುಂಚೆ ಇದನ್ನ ಓದಿ

ಆಗಸ್ಟ್ ಕೊನೇ ವಾರ ನಾನು, ನಮ್ಮನೆಯವಳು, ಅಕ್ಕನ ಮಗ ಮೂರು ಜನ ಕಾಸರಗೋಡು ಕಡೆ ಹೋಗಿದ್ವಿ. ಬೇಕಲ ಕೋಟೆಗೂ ಹೋದ್ವಿ, ಅದರ ಬಗ್ಗೆ ಬರೆಯೋದೇನಿಲ್ಲ, ರೀಲ್ಸ್ ಮಾಡೋರ ಮಧ್ಯೆ ಕೋಟೆ ಎಲ್ಲೋ ಇತ್ತು. ಬರೀಬೇಕು ಅನ್ಸಿದ್ದು ಉಳಿದುಕೊಂಡಿದ್ದ ಹೋಮ್‌ಸ್ಟೇಯಲ್ಲಿ ಆದ ಕಥೆ.

ಅಲ್ಲಿ ತಲೆಗೆ 600 ರೂಪಾಯಿ ತಗೊಂಡು 'ಔಷಧಿ ಗಿಡ ವಾಕ್' ಅಂತ ಕರ್ಕೊಂಡು ಹೋದ್ರು. ಗೈಡ್ ಅಂತ ಬಂದ ಹುಡುಗ ಮುಕ್ಕಾಲು ಗಂಟೆ ಹೋಮ್‌ಸ್ಟೇ ಹಿಂದಿನ ರಬ್ಬರ್ ತೋಟದಲ್ಲೇ ಸುತ್ತಾಡಿಸಿದ. ಕುಂಡದಲ್ಲಿದ್ದ ಲೋಳೆಸರ, ದೊಡ್ಡಪತ್ರೆ ಎಲ್ಲಾ ತೋರಿಸಿದ, ಅದು ನಮ್ಮನೆ ಟೆರೇಸಲ್ಲೇ ಇದೆ ಕಣಪ್ಪಾ. ಕೊನೆಗೆ ಬೇಲಿ ಹತ್ರ ಒಂದು ಮರ ತೋರಿಸಿ, ಇದೇ ಹಾಲೆ ಮರ, ಆಟಿ ಕಷಾಯಕ್ಕೆ (ತುಳುನಾಡಲ್ಲಿ ಆಟಿ ತಿಂಗಳ, ಅಂದ್ರೆ ಜುಲೈ-ಆಗಸ್ಟ್‌ನ, ಅಮಾವಾಸ್ಯೆಗೆ ಕುಡಿಯೋ ಕಷಾಯ) ಇದರದ್ದೇ ತೊಗಟೆ ಹಾಕೋದು ಅಂತ ಕತ್ತಿಯಿಂದ ಅಂಗೈಯಷ್ಟು ತೊಗಟೆ ಕೆತ್ತಿ, ಜೊತೆಗೊಂದು ಸೊಪ್ಪಿನ ಟೊಂಗೆ ಮುರಿದು ಕವರಲ್ಲಿ ಹಾಕಿ ಕೊಟ್ಟ. ಕುದಿಸಿ ಕುಡೀರಿ ಸಾರ್, ಹೊಟ್ಟೆಗೆ ಒಳ್ಳೇದು ಅಂದ. ನಾನೂ ಖುಷಿಯಿಂದ ಇಸ್ಕೊಂಡೆ!

ಮಾರನೇ ದಿನ ಗೈಡ್ ಗೀಡ್ ಎಲ್ಲಾ ಬಿಟ್ಟು ನಾವೇ ಆಟೋ ಮಾಡ್ಕೊಂಡು ಕುಂಬಳೆ ಹತ್ರದ ಅನಂತಪುರಕ್ಕೆ ಹೋದ್ವಿ. ಎಲ್ಲರೂ ಕೆರೆ ನಡುವಿನ ದೇವಸ್ಥಾನ ನೋಡಿ, 2022ರಲ್ಲಿ ತೀರಿಹೋದ ಮೊಸಳೆ ಬಬಿಯಾ ಬಗ್ಗೆ ಕೇಳಿ ವಾಪಸ್ ಹೋಗ್ತಾರೆ, ನೀವು ಹಾಗೆ ಮಾಡ್ಬೇಡಿ, ಆ ಕಡೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಬಯಲಿದೆಯಲ್ಲ, ಇಲ್ಲಿನವರು ಪದವು ಅಂತಾರೆ, ಅಲ್ಲಿ ನಿಧಾನಕ್ಕೆ ನಡೀರಿ. ಮಾರ್ಚಲ್ಲಿ ಇದು ಸೀದುಹೋದ ಕಾವಲಿ ಥರ ಇರುತ್ತೆ. ಮಳೆಗಾಲದಲ್ಲಿ ಕಲ್ಲಿನ ಗುಂಡಿ ಗುಂಡಿಯಲ್ಲಿ ನೀರು ನಿಂತು ಪೂರ್ತಿ ನೀಲಿ ಹೂ. ಮಲಯಾಳದಲ್ಲಿ ಕಾಕ್ಕಪ್ಪೂವು ಅಂತಾರೆ, ಓಣಂ ಪೂಕಳಕ್ಕೆ, ಅಂದ್ರೆ ಹೂವಿನ ರಂಗೋಲಿಗೆ, ಈ ಹೂವನ್ನೂ ಹಾಕ್ತಾರೆ. ನೋಡೋಕೆ ಪಾಪದ ಗಿಡ, ಆದ್ರೆ ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿಟ್ಕೊಂಡು ನೀರಿನ ಸಣ್ಣ ಜೀವಿಗಳನ್ನ ಒಳಗೆ ಎಳ್ಕೊಂಡು ತಿನ್ನುತ್ತೆ. ಕಲ್ಲಿನ ಮೇಲಿನ ಮಣ್ಣು ಬೆರಳು ದಪ್ಪವೂ ಇಲ್ಲ, ಅದರಲ್ಲಿ ಸಾರಜನಕ ಸಿಗಲ್ಲ, ಅದಕ್ಕೇ ಈ ಬೇಟೆ. ಅದರ ಮಧ್ಯೆ ಗುಂಡುಸೂಜಿ ತಲೆಯಂಥ ಬಿಳಿ ಹೂಗಳ ಎರಿಯೋಕಾಲನ್ ಅನ್ನೋ ಇನ್ನೊಂದು ಗಿಡ. ಅಕ್ಕನ ಮಗ ಮಾಮಾ ಇಲ್ಲಿ ನೋಡು ಅಂತ ಕೂಗಿದ. ಗೇಣುದ್ದದ ಕೆಂಪು ಗಿಡ, ಎಲೆ ತುಂಬಾ ಕೂದಲು, ಪ್ರತಿ ಕೂದಲ ತುದೀಲಿ ಒಂದು ಹನಿ. ಇಬ್ಬನಿ ಅಂತ ಮುಟ್ಟಿದ್ರೆ ಅಂಟು! ಒಂದು ಸೊಳ್ಳೆ ಸಿಕ್ಕಾಕೊಂಡು ಇನ್ನೂ ಕಾಲಾಡಿಸ್ತಾ ಇತ್ತು. ಡ್ರೊಸೆರಾ ಅಂತ ಆಮೇಲೆ ಗೊತ್ತಾಯ್ತು. ಲೆಪಿಡಗಾಥಿಸ್ ಅನಂತಪುರಮೆನ್ಸಿಸ್ ಅಂತ ಈ ಊರಿನ ಹೆಸರೇ ಇರೋ ಗಿಡವೂ ಒಂದಿದೆ, ನಮ್ಗೆ ಸಿಗ್ಲಿಲ್ಲ.

ಹಸಿವಾಗಿ ಬದಿಯಡ್ಕ ರೋಡಲ್ಲಿ ಬೋರ್ಡೂ ಇಲ್ಲದ ಒಂದು ಹೋಟ್ಲಿಗೆ ನುಗ್ಗಿದ್ವಿ. ನಾಲ್ಕೇ ಟೇಬಲ್, ಗಂಡ ಹೆಂಡತಿ ಇಬ್ಬರೇ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಮಾವಿನಮಿಡಿ ಉಪ್ಪಿನಕಾಯಿ, ಜೊತೆಗೆ ನೆಕ್ಕರಿಕದ ಕುಡಿ ತಂಬುಳಿ. ರೋಡ್ ಪಕ್ಕ ನೇರಳೆ ಬಣ್ಣದ ಹೂ ಬಿಟ್ಕೊಂಡು ಪೊದೆ ಪೊದೆಯಾಗಿ ಬೆಳೆಯುತ್ತಲ್ಲ, ಹಣ್ಣು ತಿಂದ್ರೆ ನಾಲಿಗೆ ಕಪ್ಪಾಗುತ್ತಲ್ಲ, ಅದೇ ಗಿಡ. ಅದರ ಎಳೇ ಚಿಗುರನ್ನ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸ್ತಾರೆ. ಸ್ವಲ್ಪ ಒಗರು, ಹೊಟ್ಟೆ ಕೆಟ್ಟಾಗ ಇದೇ ಮದ್ದು ಅಂತ ಆ ಅಕ್ಕ ಅಂದ್ರು. ನಾನು ಮೂರು ಸಲ ಹಾಕಿಸ್ಕೊಂಡೆ, ಊಟಕ್ಕೆ 70 ರೂಪಾಯಿ, ತಂಬುಳಿಗೆ ಎಕ್ಸ್‌ಟ್ರಾ ತಗೊಳ್ಳಲೇ ಇಲ್ಲ.

ಅಲ್ಲೇ ಜಂಬ ತೋರ್ಸೋಣ ಅಂತ ಆ ಕವರ್ ತೆಗೆದೆ. ಆ ಅಣ್ಣ ಟೊಂಗೆ ತಿರುಗಿಸಿ ನೋಡಿ ಕೈ ತೊಳೆಯೋಕೇ ಎದ್ದುಬಿಟ್ರು.

"ಇದು ಹಾಲೆ ಅಲ್ಲ ಮಾರಾಯ್ರೇ, ಕಾಯೆರ್! ಕಾಸರಕ! ಯಾರು ಕೊಟ್ಟದ್ದು ನಿಮಗೆ?"

ಕಾಸರಕ (ತುಳುವಲ್ಲಿ ಕಾಯೆರ್) ಅಂದ್ರೆ ಸ್ಟ್ರಿಕ್ನಿನ್ ವಿಷ ಇರೋ ಮರ, ಕಾಸರಗೋಡಿಗೆ ಆ ಹೆಸರು ಬಂದಿದ್ದೇ ಇದರಿಂದ ಅಂತ ಹೇಳೋರೂ ಇದ್ದಾರೆ. ಅವ್ರೇ ವ್ಯತ್ಯಾಸ ತೋರಿಸಿದ್ರು. ಹಾಲೆ ಮರದಲ್ಲಿ ಒಂದೇ ಗಂಟಿಂದ ಸುತ್ತಲೂ ಆರೇಳು ಎಲೆ, ಕೊಡೆ ಬಿಚ್ಚಿದ ಹಾಗೆ, ಗೀರಿದ್ರೆ ಬಿಳೀ ಹಾಲು. ಕಾಸರಕಕ್ಕೆ ಎಲೆ ಎದುರುಬದುರು ಎರಡೆರಡೇ, ಎಲೆ ಬುಡದಿಂದಲೇ ದಪ್ಪ ನರಗಳು, ಹಣ್ಣಾದ್ರೆ ಕಿತ್ತಳೆ ಬಣ್ಣದ ಚೆಂಡು, ಹಾಲು ಬರಲ್ಲ. "ಆಟಿ ಅಮಾವಾಸ್ಯೆಗೆ ಬೆಳಿಗ್ಗೆ ಬೆಳಕು ಹರಿಯುವ ಮೊದಲು ಹಾಲೆಯ ತೊಗಟೆ ಕಲ್ಲಲ್ಲಿ ಜಜ್ಜಿ ತೆಗೆಯುವುದು, ಕತ್ತಿ ಮುಟ್ಟಿಸ್ಲಿಕ್ಕಿಲ್ಲ. ಈಗ ಆಟಿಯೇ ಮುಗಿದಾಯ್ತಲ್ಲ, ಎಂತ ಕಷಾಯ?" ಅಂತ ನಕ್ರು. ನನ್ನ ಹೆಂಡತಿ ನಗ್ಲಿಲ್ಲ, ಹಿಂದಿನ ರಾತ್ರಿ ಅದನ್ನ ಕುದಿಸೋಕೆ ಹೋಮ್‌ಸ್ಟೇಯವರ ಹತ್ರ ಪಾತ್ರೆ ಕೇಳಿದ್ದು ಅವಳೇ. ಪುಣ್ಯಕ್ಕೆ ಗ್ಯಾಸ್ ಖಾಲಿ ಆಗಿತ್ತು.

ಹೋಮ್‌ಸ್ಟೇಯವರಿಗೆ ಫೋನ್ ಮಾಡಿದ್ರೆ ಹುಡುಗ ಹೊಸಬ ಸಾರ್ ಅಂದ್ರು, ದುಡ್ಡು ವಾಪಸ್ ಬರ್ಲಿಲ್ಲ.

ಹೋಗೋರಿಗೆ: ಮಂಗಳೂರಿಂದ ಪ್ಯಾಸೆಂಜರ್ ಟ್ರೈನಲ್ಲಿ ಬಂದು ಕುಂಬಳೆಯಲ್ಲಿ ಇಳೀರಿ, ಅಲ್ಲಿಂದ ಆಟೋ. ಬಸ್ ಬೋರ್ಡ್ ಜಾಸ್ತಿ ಮಲಯಾಳದಲ್ಲೇ ಇರುತ್ತೆ, ಕನ್ನಡದಲ್ಲೇ ಕೇಳಿ, ಉತ್ತರ ಬರುತ್ತೆ. ಕಲ್ಲು ಪಾಚಿ ಕಟ್ಟಿ ಸಿಕ್ಕಾಪಟ್ಟೆ ಜಾರುತ್ತೆ, ನಾನು ಎರಡು ಸಲ ಬಿದ್ದೆ, ಗ್ರಿಪ್ ಇರೋ ಚಪ್ಪಲಿ ಹಾಕ್ಕೊಳ್ಳಿ. ಹೂ ಬರಿಗಣ್ಣಿಗೆ ತೀರಾ ಸಣ್ಣದು, ಒಂದು ಭೂತಗನ್ನಡಿ ಇರ್ಲಿ. ಹೋಟ್ಲಲ್ಲಿ ತಂಬುಳಿ ಎರಡು ಗಂಟೆ ಮೇಲೆ ಸಿಗಲ್ಲ.