ಎಲುಬು ಟೊಳ್ಳಾದರೆ ಮರೆವೂ ಬರುತ್ತದಾ?

"ನಮ್ಮ ಅವ್ವಗ ಎಲುಬು ಟೊಳ್ಳ ಆಗ್ಯಾವಂತ್ರಿ. ಇನ್ನ ಮರವೂ ಬರ್ತೈತೇನ್ರಿ?"

ವಿಜಯಪುರದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಆಗಾಗ ಎದುರಾಗುತ್ತದೆ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿರುತ್ತಾರೆ, ಕೈಯಲ್ಲಿ ಎಲುಬಿನ ಸ್ಕ್ಯಾನ್ ರಿಪೋರ್ಟ್ ಇರುತ್ತದೆ. ಅದರಲ್ಲಿ ಟಿ-ಸ್ಕೋರ್ (ಎಲುಬಿನ ಸಾಂದ್ರತೆಯನ್ನು ಆರೋಗ್ಯವಂತ ಯುವಜನರ ಜೊತೆ ಹೋಲಿಸುವ ಅಂಕಿ) ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇದ್ದರೆ ಅದು ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ಕಾಯಿಲೆ. (ಮೊಣಕಾಲು ನೋವು ಬೇರೆ. ಅದು ಹೆಚ್ಚಾಗಿ ಕೀಲಿನ ಸವೆತ. ಎಲುಬು ಟೊಳ್ಳಾಗುವಾಗ ನೋವೇ ಇರುವುದಿಲ್ಲ, ಮುರಿದಾಗಲೇ ಗೊತ್ತಾಗುವುದು.)

ನನ್ನ ಉತ್ತರ ಇಷ್ಟು: ಎರಡಕ್ಕೂ ನಂಟು ಇದೆ. ಆದರೆ ಎಲುಬು ಸೊರಗಿದ್ದರಿಂದಲೇ ಮರೆವು ಬರುತ್ತದೆ ಅಂತ ಇನ್ನೂ ಸಾಬೀತಾಗಿಲ್ಲ.

ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇಲ್ಲದ 3,651 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲುಬಿನ ಸಾಂದ್ರತೆ ಕಡಿಮೆ ಇದ್ದವರಲ್ಲಿ ಮುಂದೆ ಡಿಮೆನ್ಷಿಯಾ ಜಾಸ್ತಿ ಕಂಡಿತು. ಅದೂ ಮೊದಲ ಕೆಲವು ವರ್ಷಗಳಲ್ಲೇ ಈ ನಂಟು ಬಲವಾಗಿತ್ತು. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಮರೆವಿನ ಕಾಯಿಲೆ ಮನೆಯವರ ಕಣ್ಣಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಮೆದುಳಿನಲ್ಲಿ ಶುರುವಾಗಿರುತ್ತದೆ. ಆಗಲೇ ಊಟ ತಗ್ಗುತ್ತದೆ, ಗುಡಿ-ಸಂತೆಗೆ ಹೋಗುವುದು ತಗ್ಗುತ್ತದೆ, ತೂಕ ಇಳಿಯುತ್ತದೆ. ಎಲುಬು ಸೊರಗಲು ಇಷ್ಟು ಸಾಕು. ಅಂದರೆ ಎಲುಬಿನಿಂದ ಮರೆವು ಅನ್ನುವ ಬದಲು, ಮರೆವಿನಿಂದ ಎಲುಬು ಅಂತಲೂ ಇರಬಹುದು. ಎರಡನ್ನೂ ಒಟ್ಟಿಗೆ ಹಾಳು ಮಾಡುವ ಕಾರಣಗಳೂ ಇವೆ: ಓಡಾಟ ಇಲ್ಲದಿರುವುದು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುವುದು ಎಲುಬನ್ನಂತೂ ಬೇಗ ಸೊರಗಿಸುತ್ತದೆ.

ಎಲುಬಿನಿಂದಲೇ ಹೊರಡುವ ಆಸ್ಟಿಯೋಕ್ಯಾಲ್ಸಿನ್ ಎಂಬ ಹಾರ್ಮೋನ್ ಇಲಿಗಳ ನೆನಪಿಗೆ ಬೇಕೇ ಬೇಕು ಎಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2013ರಲ್ಲಿ ತೋರಿಸಿದೆ. ವಿಡಿಯೋದವರು ಇದನ್ನೇ ಎಳೆದು ಮನುಷ್ಯರಿಗೆ ಹಚ್ಚುತ್ತಾರೆ. ಇಲಿ ಇಲಿಯೇ. ಡಿಮೆನ್ಷಿಯಾ ತಡೆಯಲು ಸರಿಪಡಿಸಬಹುದಾದ 14 ಅಂಶಗಳ ಪಟ್ಟಿಯನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟಿತು. ಅದರಲ್ಲಿ ಕಿವಿ ಮಂದವಾಗುವುದು ಇದೆ, ಬಿಪಿ ಇದೆ, ಕಣ್ಣು ಕೂಡ ಇದೆ. ಎಲುಬು ಇಲ್ಲ.

ಹಾಗಂತ ಎಲುಬನ್ನು ಬಿಟ್ಟುಬಿಡಿ ಅಂತ ಖಂಡಿತ ಹೇಳುತ್ತಿಲ್ಲ. ಎಲುಬು ಮತ್ತು ಮೆದುಳು ಎರಡೂ ನಿಜಕ್ಕೂ ಕೂಡುವುದು ಮನುಷ್ಯ ಬೀಳುವಾಗ. ನನಗೆ ಹೆಚ್ಚು ಚಿಂತೆ ಇರುವುದೂ ಅಲ್ಲೇ.

ಹಿರಿಯರನ್ನು ನೋಡಲು ಅವರ ಮನೆಗೆ ಹೋದಾಗ ರಿಪೋರ್ಟ್ ಆಮೇಲೆ ನೋಡುತ್ತೇನೆ. ಮೊದಲು ಅವರನ್ನು ಪಡಸಾಲೆಯಲ್ಲಿ ನಡೆಸಿ, ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಮಾತಿಗೆ ಎಳೆಯುತ್ತೇನೆ. "ಆಯಿ, ಈ ಸಲ ಜ್ವಾಳ ಏನ್ ರೇಟ ಅದಾವ್ರಿ?" ಕೆಲವರು ನಡೆಯುತ್ತಲೇ ರೇಟು ಹೇಳಿ, ವ್ಯಾಪಾರಿಯನ್ನೂ ಬೈಯುತ್ತಾರೆ. ಕೆಲವರ ಕಾಲು ಗಕ್ಕನೆ ನಿಲ್ಲುತ್ತದೆ. ಕೈ ಗೋಡೆಗೆ ಹೋಗುತ್ತದೆ. ಉತ್ತರ ಮುಗಿದ ಮೇಲೆಯೇ ಮುಂದಿನ ಹೆಜ್ಜೆ. ನಡಿಗೆಗೂ ಗಮನ ಬೇಕು, ಮಾತಿಗೂ ಬೇಕು. ಎರಡಕ್ಕೂ ಸಾಲದಿದ್ದಾಗ ಹೀಗಾಗುತ್ತದೆ. ಮಾತಾಡಿಸಿದರೆ ನಿಂತುಬಿಡುವ ಹಿರಿಯರು ಮುಂದಿನ ಆರು ತಿಂಗಳಲ್ಲಿ ಬೀಳುವುದು ಜಾಸ್ತಿ ಅಂತ ಸ್ವೀಡನ್ನಿನ ಸಂಶೋಧಕರು 1997ರಲ್ಲೇ ಬರೆದಿದ್ದಾರೆ. ಇದನ್ನು ನೀವೂ ಮನೆಯಲ್ಲಿ ನೋಡಬಹುದು. ಹತ್ತಿರದಲ್ಲೇ ಇರಿ, ಅಷ್ಟೇ.

ಗಮನ ಕುಗ್ಗಿದೆ, ಎಲುಬೂ ಟೊಳ್ಳಾಗಿದೆ ಅಂದರೆ ಬಚ್ಚಲಿನ ನುಣುಪು ಕಲ್ಲಿನ ಮೇಲೆ ಒಮ್ಮೆ ಜಾರಿದರೂ ಟೊಂಕದ ಹತ್ತಿರ ತೊಡೆಯ ಎಲುಬು ಮುರಿಯಬಹುದು. ಆಪರೇಷನ್ ಆದ ಮೇಲೆ ಕೆಲವರು ರಾತ್ರಿ ಏನೇನೋ ಮಾತಾಡುತ್ತಾರೆ, ಮಗನ ಗುರುತೂ ಹತ್ತುವುದಿಲ್ಲ. "ಅರವತ್ತಕ್ಕ ಅರಳು ಮರಳು ಬಿಡ್ರಿ" ಅಂತ ಮನೆಯವರು ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ಒಂದೆರಡು ದಿನದಲ್ಲಿ ಹಠಾತ್ತನೆ ಬರುವ ಈ ಗೊಂದಲ ಡೆಲಿರಿಯಂ. ಅದಕ್ಕೆ ಸೋಂಕು, ನೋವು, ನೀರು ಕಡಿಮೆಯಾಗುವುದು, ಕೆಲವು ಔಷಧಿ ಕಾರಣ ಇರಬಹುದು. ಡಾಕ್ಟರಿಗೆ ಅವತ್ತೇ ಹೇಳಬೇಕು. ಚಷ್ಮಾ, ಕಿವಿ ಮಷೀನು ಹಾಕಿಡಿ. ಹಗಲು ಬೆಳಕಿರಲಿ, ಪಕ್ಕದಲ್ಲಿ ಪರಿಚಯದವರು ಇರಲಿ. ಡೆಲಿರಿಯಂ ಆದವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆ ಹೆಚ್ಚು.

ಕ್ಯಾಲ್ಸಿಯಂ ಗುಳಿಗೆ ನುಂಗಿದರೆ ನೆನಪು ಉಳಿಯುತ್ತದಾ? ಇಲ್ಲ. ಅಮೆರಿಕದಲ್ಲಿ 65 ದಾಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಅರ್ಧ ಜನಕ್ಕೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಗುಳಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಮರೆವಿನಲ್ಲಿ ಫರಕು ಕಾಣಲಿಲ್ಲ. ಎಲುಬಿಗಂತೂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದಲ್ಲಿ ಅದು ಕಡಿಮೆ, 100 ಗ್ರಾಂಗೆ 30 ಮಿಲಿಗ್ರಾಂ ಆಸುಪಾಸು. ರಾಗಿಯಲ್ಲಿ 300ಕ್ಕೂ ಮೇಲೆ. ಜೋಳದ ರೊಟ್ಟಿ ಬಿಡುವುದು ಬೇಡ, ಜೊತೆಗೆ ಗಟ್ಟಿ ಮೊಸರು, ಎಳ್ಳು, ಸೊಪ್ಪು ಇರಲಿ. ಭೋಗಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇರೆ ದಿನವೂ ಆಗಬಹುದಲ್ವಾ?

ನಮ್ಮ ಜಿಲ್ಲೆಯಲ್ಲೂ ಬಾಗಲಕೋಟೆಯಲ್ಲೂ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದನ್ನೇ ಕುಡಿದು ಬೆಳೆದವರ ಎಲುಬು ಸ್ಕ್ಯಾನಿನಲ್ಲಿ ಗಟ್ಟಿ ಕಂಡರೂ ಪೆಡಸಾಗಿ ಮುರಿಯಬಹುದು. ಸ್ಕ್ಯಾನ್ ಮಾಡಿಸಿದಾಗ ಯಾವ ನೀರು ಕುಡಿಯುತ್ತೀರಿ ಅಂತಲೂ ಡಾಕ್ಟರಿಗೆ ತಿಳಿಸಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲಾ ಗುಳಿಗೆಗಳನ್ನು ಒಂದು ಚೀಲಕ್ಕೆ ಹಾಕಿಕೊಳ್ಳಿ. ನಿದ್ದೆ ಗುಳಿಗೆ ಹಿರಿಯರನ್ನು ಬೀಳಿಸುತ್ತದೆ, ತಲೆಗೂ ಮಂಕು ಕವಿಸುತ್ತದೆ. ನೀವಾಗಿಯೇ ನಿಲ್ಲಿಸಬೇಡಿ. "ಇದರಾಗ ಯಾವುದು ಕಡಿಮಿ ಮಾಡಬಹುದ್ರಿ?" ಅಂತ ಕೇಳಿ.